ಅದೀಬನ ಮುಖ

ಸುಬ್ಹಿ ಮುಖ ಬರೆಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬೈರೂತಿನಲ್ಲಿ ಅವನ ಹೆಸರು ಕೇಳಿದ್ದವರಿಗೆ ಅವನ ಚಿತ್ರಗಳ ಬಗೆಯೂ ಗೊತ್ತಿತ್ತು. ಒಂದಕ್ಕೊಂದು ಒತ್ತಿಕೊಂಡು ಕೂತ ಬಣ್ಣದ ಚೌಕಗಳು, ಅವುಗಳ ಅಂಚಿನಲ್ಲಿ ನಡುಗುವ ಒಂದು ಗೆರೆ, ಅಷ್ಟೇ. ಮನುಷ್ಯರಿಲ್ಲ, ಮರವಿಲ್ಲ, ಕಳೆದುಹೋದ ಊರಿಲ್ಲ. ಪಟ್ಟಣದ ಓದಿದ ಜನ ಅದನ್ನು ಮೆಚ್ಚಿ ಎರಡು ಸಲ ಪ್ರದರ್ಶನ ಇಡಿಸಿದ್ದರು. ಅವನ ನಿರಾಶ್ರಿತರ ಶಿಬಿರದ ಜನ ಮಾತ್ರ ನಗುತ್ತಿದ್ದರು. "ನಮ್ ಸುಬ್ಹಿ ರೋಮಿಗೆ ಹೋಗಿ ಬಚ್ಚಲುಮನೆ ಟೈಲ್ಸ್ ಬರೆಯೋದು ಕಲ್ತು ಬಂದಿದ್ದಾನೆ" ಎಂದು ಕಾಫಿ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು.

ಅಕ್ಕ ಬಾಹಿಜಾ ಎದುರಿಗೆ ಯಾರಾದರೂ ಹಾಗಂದರೆ ಅವಳು ಸುಮ್ಮನಿರುತ್ತಿರಲಿಲ್ಲ. "ನಿಮಗೇನ್ರೀ ಗೊತ್ತು? ಇಟಲಿಯವರೇ ಚಪ್ಪಾಳೆ ಹೊಡೆದಿದ್ದಾರೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಮೇಲೆ ತಮ್ಮ ಒಬ್ಬನೇ ಸಿಕ್ಕಾಗ ಮೆತ್ತಗೆ ಕೇಳುತ್ತಿದ್ದಳು.

"ನಿಜ ಹೇಳೋ, ಇದು ಏನು?"

"ಏನೂ ಅಲ್ಲ ಅಕ್ಕ. ಬೆಳಕು."

"ಬೆಳಕಿಗೆ ಮೂಲೆ ಇರುತ್ತೇನೋ? ಹೋಗಲಿ ಬಿಡು. ನೀನು ಬರ್ದಿದ್ದು ಅಂದ್ಮೇಲೆ ಬೆಳಕೇ."

ಮುಖ ಬಿಡಲು ಒಂದು ಕಾರಣವಿತ್ತು. ಅದನ್ನು ಅವನು ಅಕ್ಕನಿಗೂ ಹೇಳಿರಲಿಲ್ಲ. ನಲವತ್ತೆಂಟರಲ್ಲಿ ಇಸ್ರೇಲಿ ಸೇನೆ ಬಂದು ಗಲಿಲೀಯ ಬೆಟ್ಟದ ಹಳ್ಳಿ ಬಿಟ್ಟು ಲೆಬನಾನಿನ ಕಡೆ ನಡೆದಾಗ ಅವನಿಗೆ ಎಂಟು ವರ್ಷ, ಬಾಹಿಜಾಗೆ ಹದಿನಾರು. ಗಡಿ ದಾಟಿದ ಸ್ವಲ್ಪ ದಿನಕ್ಕೇ ತಾಯಿ ಜ್ವರದಲ್ಲಿ ತೀರಿಕೊಂಡಳು. ಅವಳ ಪಟ ಒಂದೂ ಇರಲಿಲ್ಲ. ಆದರೂ ಹುಡುಗನ ಮನಸ್ಸಿನಲ್ಲಿ ಅವಳ ಮುಖ ಮಸುಕಾಗಿ ಉಳಿದಿತ್ತು: ತಲೆಗೆ ಸುತ್ತಿದ ಬಿಳಿ ಬಟ್ಟೆ, ಒಲೆಯ ಹೊಗೆಗೆ ಕಿರಿದು ಮಾಡಿದ ಕಣ್ಣು. ರೋಮಿನ ಕಲಾಶಾಲೆಯಲ್ಲಿದ್ದಾಗ ಒಂದು ಚಳಿಗಾಲವಿಡೀ ಅವನು ಆ ಮುಖವನ್ನೇ ಬರೆದ. ಬರೆದಷ್ಟೂ ಚೆನ್ನಾಗಿ ಬಂತು. ಮೇಷ್ಟ್ರು ಹೊಗಳಿದರು. ಚಳಿ ಕಳೆಯುವ ಹೊತ್ತಿಗೆ, ಕಣ್ಣು ಮುಚ್ಚಿದರೆ ಕಾಣುತ್ತಿದ್ದವಳು ಕಾಗದದ ಮೇಲಿನ ಹೆಂಗಸು. ಹೊಗೆಗೆ ಕಣ್ಣು ಕಿರಿದು ಮಾಡುತ್ತಿದ್ದವಳು ಎಲ್ಲಿ ಹುಡುಕಿದರೂ ಸಿಗಲಿಲ್ಲ. ತನ್ನ ಕೈಯಾರೆ ಅವಳನ್ನು ಅಳಿಸಿಹಾಕಿದೆ ಎಂಬುದು ಗೊತ್ತಾದ ದಿನ ಅವನು ಆ ಕಾಗದಗಳನ್ನೆಲ್ಲ ಒಲೆಗೆ ಹಾಕಿದ. ಅಂದಿನಿಂದ ಮುಖದ ಗೊಡವೆಗೆ ಹೋಗಿರಲಿಲ್ಲ. ಯಾರನ್ನೂ ನೆನಪಿಸದ, ಯಾರನ್ನೂ ಅಳಿಸದ ಬಣ್ಣಗಳ ಹತ್ತಿರ ಹೋದ. ಅಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿ ಸಿಕ್ಕಿತ್ತು.

ಅವನನ್ನು ರೋಮಿಗೆ ಕಳಿಸಿದವಳೂ ಅಕ್ಕನೇ. ಶಾಲೆಯವರು ಕೊಟ್ಟ ವಿದ್ಯಾರ್ಥಿವೇತನ ಹಡಗಿನ ಖರ್ಚಿಗೂ ಸಾಲುತ್ತಿರಲಿಲ್ಲ. ಬೈರೂತಿನ ಪೂರ್ವಕ್ಕಿದ್ದ ತಲ್ ಅಲ್-ಜಾತರ್ ಶಿಬಿರದಲ್ಲಿ ತಗಡಿನ ಮನೆ ಮಾಡಿಕೊಂಡು, ಪಕ್ಕದ ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿ ತುಂಬಿ ಅವಳು ಉಳಿದದ್ದನ್ನು ಹೊಂದಿಸಿದಳು. ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತ ಮೇಲೆ ಮಗಳು ರಬಾಬ್‌ಳನ್ನೂ ಮಗ ಅದೀಬ್‌ನನ್ನೂ ಅದೇ ಡಬ್ಬಿಗಳ ಮೇಲೆ ಸಾಕಿದಳು. ಸುಬ್ಹಿ ಓದು ಮುಗಿಸಿ ಬೈರೂತಿಗೆ ಮರಳಿದ ಮೇಲೆ ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದ. ಅಳಿಯ ಅದೀಬ್ ಅವನಿಗೆ ಹೆಚ್ಚು ಪರಿಚಯವಿರಲಿಲ್ಲ. ಕಾಲಲ್ಲಿ ಚೆಂಡು, ಬಾಯಲ್ಲಿ ಸೂರ್ಯಕಾಂತಿ ಬೀಜ, ಬಾಗಿಲಿಂದ ಒಳಗೆ ಬಂದವನು ಕಿಟಕಿಯಿಂದ ಹೊರಗೆ. "ಮಾಮ, ಹೇಗಿದ್ದೀರಿ" ಅನ್ನುವಷ್ಟರಲ್ಲಿ ಮಾಯ. ಅವನನ್ನು ಸರಿಯಾಗಿ ನೋಡಲಿಲ್ಲವಲ್ಲ ಎಂದು ಸುಬ್ಹಿ ಆಮೇಲೆ ಎಷ್ಟು ಹಲುಬಿದನೋ.

ಲೆಬನಾನಿನಲ್ಲಿ ಒಳಯುದ್ಧ ನಡೆದಿತ್ತು. ಎಪ್ಪತ್ತಾರರ ಬೇಸಿಗೆಯಲ್ಲಿ ಅಲ್ಲಿನ ಕ್ರೈಸ್ತ ಪಡೆಗಳು ಶಿಬಿರಕ್ಕೆ ಮುತ್ತಿಗೆ ಹಾಕಿದವು. ಊರು ಎರಡಾಗಿ ಸೀಳಿತ್ತು. ಸುಬ್ಹಿ ಇದ್ದದ್ದು ಪಶ್ಚಿಮದಲ್ಲಿ, ಅಕ್ಕ ಪೂರ್ವದಲ್ಲಿ. ನಡುವೆ ಅರ್ಧ ಗಂಟೆಯ ದಾರಿ, ಆದರೆ ಯಾರೂ ದಾಟುವಂತಿಲ್ಲ. ಅವನು ಮಹಡಿಯ ಮೇಲೆ ನಿಂತು ಆ ಕಡೆಯ ಹೊಗೆ ನೋಡುತ್ತ ಬೇಸಿಗೆ ಕಳೆದ. ಆಗಸ್ಟಿನಲ್ಲಿ ಶಿಬಿರ ಬಿತ್ತು. ಬದುಕುಳಿದವರನ್ನು ಲಾರಿಗಳಲ್ಲಿ ಈಚೆಗೆ ತಂದರು. ಲಾರಿಯಿಂದ ಲಾರಿಗೆ ಓಡುತ್ತ ಹೆಸರು ಕೂಗುತ್ತಿದ್ದ ಜನರ ನಡುವೆ ಅವನಿಗೆ ಬಾಹಿಜಾ ಸಿಕ್ಕಿದಳು, ಬರಿಗಾಲಲ್ಲಿ, ರಬಾಬಳ ರಟ್ಟೆ ಹಿಡಿದುಕೊಂಡು.

"ಅದೀಬ್?" ಎಂದ.

"ನೀರಿಗೆ ಹೋದ" ಎಂದಳು.

ಅಷ್ಟೇ ಅಂದದ್ದು. ಉಳಿದದ್ದನ್ನು ರಬಾಬ್ ಆಮೇಲೆ ಹೇಳಿದಳು. ಶಿಬಿರಕ್ಕೆಲ್ಲ ಒಂದೇ ನಲ್ಲಿ ಉಳಿದಿತ್ತು. ಅದರ ಮೇಲೆ ಬಂದೂಕು ಗುರಿಯಿಟ್ಟು ಕೂತವರಿದ್ದರು. ಹದಿನೇಳರ ಹುಡುಗ ಕ್ಯಾನು ಹಿಡಿದು ಹೋದ. ನೆರೆಯ ಗಂಡಸರು ಅವನನ್ನು ಕಂಬಳಿಯಲ್ಲಿ ಸುತ್ತಿ ತಂದರು. ತಾಯಿ ಕಂಬಳಿ ಸರಿಸಲು ಹೋದಾಗ, "ಬೇಡಮ್ಮ, ಮುಖ ನೋಡಬೇಡ" ಎಂದು ಕೈ ಹಿಡಿದರು. ಮನೆಗಳ ಸಂದಿಯಲ್ಲೇ ಮಣ್ಣು ಮಾಡಿದರು. ಗೋಡೆಯ ಮೇಲಿದ್ದ ಅವನ ಒಂದೇ ಒಂದು ಸ್ಟುಡಿಯೋ ಫೋಟೋ ತಗಡಿನ ಮನೆಯ ಜೊತೆಗೇ ಹೋಯಿತು.

"ಒಳ್ಳೇದೇ ಆಯ್ತು, ನಾನು ನೋಡಲಿಲ್ಲ" ಎಂದು ಬಾಹಿಜಾ ಎಷ್ಟೋ ತಿಂಗಳ ಮೇಲೆ ಒಂದು ದಿನ ತಾನಾಗಿಯೇ ಹೇಳಿದಳು. "ನೋಡಿದ್ದಿದ್ರೆ ಅದೇ ಕಣ್ಣಲ್ಲಿ ನಿಂತುಬಿಡ್ತಿತ್ತು. ಈಗ ನನ್ ಮಗ ಹೇಗಿದ್ನೋ ಹಾಗೇ ಇದ್ದಾನೆ."

ಉಳಿದವರನ್ನು ಬೈರೂತಿನ ದಕ್ಷಿಣಕ್ಕೆ, ಕಡಲಂಚಿನ ದಾಮೂರಿನಲ್ಲಿ ಇಳಿಸಿದರು. ಆ ಊರಿನ ಎಷ್ಟೋ ಜನ ಅದೇ ಯುದ್ಧದಲ್ಲಿ ಕೊಲೆಯಾಗಿ, ಉಳಿದವರು ಓಡಿಹೋಗಿದ್ದರು. ಸುಟ್ಟ ಮನೆಗಳು, ಕದವಿಲ್ಲದ ಬಾಗಿಲುಗಳು, ಕೆಳಗೆ ಬಾಳೆತೋಟ, ಅದರಾಚೆ ಸಮುದ್ರ. ಬಾಹಿಜಾಗೆ ಸಿಕ್ಕ ಮನೆಯ ಗೋಡೆಗಳೆಲ್ಲ ಮಸಿಯಾಗಿದ್ದವು. ಹಿಂದಿನ ಮನೆಯವರ ಪಟಗಳಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು.

"ನೋಡೋ, ನಿನ್ ಚಿತ್ರ" ಎಂದಳು ಬಾಹಿಜಾ, ಮೊದಲ ಸಲ ಅವನು ಬಂದಾಗ. "ಚೌಕ ಚೌಕ."

"ಏನಾದ್ರೂ ತೂಗುಹಾಕು ಅಕ್ಕ ಅಲ್ಲಿ. ಕಣ್ಣಿಗೆ ಹೊಡೆಯುತ್ತೆ."

"ಬೇಡ. ಅದು ಅವರ ಜಾಗ. ನಾಳೆ ಬಂದು ಕೇಳಿದ್ರೆ ಏನು ಹೇಳ್ಲಿ?"

ಹೊಟ್ಟೆಪಾಡಿಗೆ ಸುಬ್ಹಿ ಬೈರೂತಿನಲ್ಲಿ ವಿಮೋಚನಾ ಸಂಘಟನೆಯವರ ಅಚ್ಚುಕೂಟವೊಂದರಲ್ಲಿ ಪೋಸ್ಟರುಗಳಿಗೆ ಅಕ್ಷರ ಬರೆಯುತ್ತಿದ್ದ. ಸತ್ತವರ ಪೋಸ್ಟರುಗಳೇ ಹೆಚ್ಚು. ನಡುವೆ ಹುಡುಗನ ಫೋಟೋ, ಮೇಲೆ ಘೋಷಣೆ, ಕೆಳಗೆ ಹೆಸರು. ಶಿಬಿರ ಬಿದ್ದು ವರ್ಷ ತುಂಬಿದಾಗ ದಾಮೂರಿನ ಸುಟ್ಟ ಗೋಡೆಗಳಿಗೆಲ್ಲ ಪೋಸ್ಟರು ಮೆತ್ತಿದರು. ಅದೀಬನ ಫೋಟೋ ಇರಲಿಲ್ಲವಾದ್ದರಿಂದ ಸುಬ್ಹಿ ಅವನ ಹೆಸರನ್ನೇ ಕಾಗದದ ತುಂಬ ಬರೆದಿದ್ದ. ಬಹಳ ಕಷ್ಟಪಟ್ಟು ಬರೆದಿದ್ದ. ಅಂಥ ಸುಂದರ ಅಕ್ಷರ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಬಾಹಿಜಾಗೆ ಓದು ಬರುತ್ತಿರಲಿಲ್ಲ. ಅವಳು ಗೋಡೆಯುದ್ದಕ್ಕೂ ನಡೆದು ಒಂದೊಂದೇ ಹುಡುಗನನ್ನು ನೋಡುತ್ತ ಬಂದು ಅದರ ಮುಂದೆ ನಿಂತಳು.

"ಇದು ಯಾರದ್ದು?"

"ಅದೀಬನದು ಅಕ್ಕ."

"ಎಲ್ಲಿದ್ದಾನೆ?"

"ಇದು ಅವನ ಹೆಸರು."

ಪಕ್ಕದ ಮನೆಯ ಉಮ್ ಖಲ್ದೂನ್ ಅಲ್ಲೇ ನಿಂತಿದ್ದಳು. ಅವಳ ಇಬ್ಬರು ಗಂಡುಮಕ್ಕಳು ಎರಡು ಪೋಸ್ಟರುಗಳಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. "ಅಯ್ಯೋ ಬಾಹಿಜಾ, ನಿನ್ ತಮ್ಮ ದೊಡ್ಡ ಚಿತ್ರಗಾರ ಅಂತೀಯ. ತನ್ನಕ್ಕನ ಮಗಂದು ಒಂದು ಮುಖ ಬರೆಯೋಕೆ ಆಗಲ್ವಾ? ಮತ್ಯಾಕೆ ಬೇಕು ಆ ಕುಂಚ, ಸುಣ್ಣ ಬಳಿಯೋಕಾ?" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳ ನಾಲಿಗೆಯೇ ಹಾಗೆ.

ಬಾಹಿಜಾ ಪೋಸ್ಟರಿನ ಕಡೆಗೇ ನೋಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ತಮ್ಮನ ಪರವಾಗಿ ಅವಳು ಬಾಯಿ ತೆರೆಯದಿದ್ದದ್ದು ಅದೇ ಮೊದಲು.

ಮನೆಗೆ ಬಂದು ಚಹಾ ಕಾಸಿ ಅವನ ಮುಂದಿಟ್ಟು ಕೂತಳು. "ಬರ್ದುಕೊಡೋ" ಎಂದಳು. "ನಾನು ಹೇಳ್ತೀನಿ, ನೀನು ಬರಿ. ಒಂದೊಂದು ಕೂದಲೂ ಗೊತ್ತು ನಂಗೆ."

"ಅಕ್ಕ, ಬೇಡ."

"ಯಾಕೆ ಬೇಡ?"

ಹೇಳಬೇಕಾಗಿತ್ತು. ರೋಮಿನ ಆ ಚಳಿಗಾಲದ ಸಂಗತಿ ಬಾಯಿಗೆ ಬಂದಿತ್ತು. ಆದರೆ ಅದನ್ನು ಹೇಳಬೇಕಾದರೆ, ನಮ್ಮ ತಾಯಿಯ ಮುಖವನ್ನು ನಾನು ಮರೆತೆ ಎಂದು ಅವಳೆದುರು ಒಪ್ಪಿಕೊಳ್ಳಬೇಕಿತ್ತು. "ಮುಖ ಬರೆಯೋ ಕೈ ಬಿಟ್ಟುಹೋಗಿದೆ" ಎಂದ.

"ಡಬ್ಬಿ ತುಂಬಿ ತುಂಬಿ ನನ್ ಕೈ ಬಿಟ್ಟುಹೋಗಿತ್ತಲ್ಲೋ, ಆಗ ನಾನು ನಿಲ್ಲಿಸಿದ್ನಾ?"

ಆ ಒಂದು ಮಾತನ್ನು ಅವಳು ಅದುವರೆಗೂ ಆಡಿರಲಿಲ್ಲ. ಆಡಿದ ಮೇಲೆ ಅವಳಿಗೇ ನಾಚಿಕೆಯಾಗಿ ತಲೆ ತಗ್ಗಿಸಿದಳು. ಸುಬ್ಹಿ ಮುಂದಿನ ಶುಕ್ರವಾರ ಕಾಗದ, ಇದ್ದಿಲ ಕಡ್ಡಿ ತಂದ.

ಮೊದಮೊದಲು ಅದು ಅವನು ಹೆದರಿದ ಹಾಗಿರಲಿಲ್ಲ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಆ ಶುಕ್ರವಾರಗಳಲ್ಲಿ ಆ ಸುಟ್ಟ ಮನೆಯಲ್ಲಿ ನಗು ಕೇಳಿಸಿತು. ಬಾಹಿಜಾ ಬೇಳೆ-ಅಕ್ಕಿ ಬೇಯಿಸಿ ಮೇಲೆ ಈರುಳ್ಳಿ ಕೆಂಪಗೆ ಹುರಿದು ಹಾಕುತ್ತಿದ್ದಳು. ಊಟವಾದ ಮೇಲೆ ಸುಬ್ಹಿ ಕಿಟಕಿಯ ಬಳಿ ಕೂರುತ್ತಿದ್ದ. ಅವಳು ಎದುರಿಗೆ ಕೂತು ಶುರುಮಾಡುತ್ತಿದ್ದಳು.

"ಹುಬ್ಬು ದಪ್ಪ. ಅಷ್ಟಲ್ಲ, ಅಯ್ಯೋ, ಇದು ಹುಬ್ಬಾ ಮೀಸೆಯಾ?"

"ಮೂಗು?"

"ಮೂಗು ಅವರಪ್ಪಂದು. ಆದ್ರೆ ಅವರಪ್ಪನ ಮೂಗಿನ ಹಾಗೆ ಜಂಬ ಇಲ್ಲ ಅದಕ್ಕೆ."

"ಜಂಬ ಇಲ್ಲದ ಮೂಗು ಹೇಗೆ ಬರೆಯೋದು ಅಕ್ಕ?"

"ನಂಗೇನು ಗೊತ್ತು, ರೋಮಿಗೆ ಹೋದವನು ನೀನು."

ಬರೆದದ್ದನ್ನು ತಿರುಗಿಸಿ ತೋರಿಸಿದರೆ ಹೊಟ್ಟೆ ಹಿಡಿದು ನಗುವಳು. "ರಬಾಬ್, ಬಾರೇ ಇಲ್ಲಿ, ನೋಡು ನಿನ್ ಮಾಮ ಮೀನು ಮಾರೋ ಅಬೂ ದೀಬನ್ನ ಬರ್ದಿದ್ದಾನೆ!" ರಬಾಬ್ ಕಂಕುಳಲ್ಲಿ ಕೂಸು ಹೊತ್ತು ಬರುವಳು. ಶಿಬಿರ ಬಿಟ್ಟು ಬಂದ ಮೇಲೆ ಅವಳಿಗೆ ಅಲ್ಲೇ ಮದುವೆಯಾಗಿತ್ತು. ಚಿತ್ರ ನೋಡಿ ಅವಳೂ ನಗುವಳು. ಒಂದು ಮೂಗಿನ ನೆಪದಲ್ಲಿ ಹತ್ತು ಕಥೆ ಬರುತ್ತಿದ್ದವು. ಅದೀಬ್ ಕಾರ್ಖಾನೆಯಿಂದ ಮುರಿದ ಬಿಸ್ಕತ್ತು ಜೇಬಲ್ಲಿ ತುಂಬಿಕೊಂಡು ಬಂದು ಇರುವೆ ಹತ್ತಿಸಿಕೊಂಡದ್ದು, ಮೇಷ್ಟ್ರ ದನಿಯಲ್ಲಿ ತಾಯಿಯನ್ನು ಬೈದದ್ದು, ಚೆಂಡು ಒದ್ದು ಮಸೀದಿಯ ಮೌಲ್ವಿಯ ಪೇಟ ಬೀಳಿಸಿದ್ದು. ಬೈರೂತಿಗೆ ಮರಳುವಾಗ ಟ್ಯಾಕ್ಸಿಯಲ್ಲಿ ಸುಬ್ಹಿ ತಾನು ಹೆದರಿದ್ದು ಸುಮ್ಮನೆ ಎಂದುಕೊಳ್ಳುತ್ತಿದ್ದ. ಅಕ್ಕ ಮಾತಾಡುತ್ತಿದ್ದಾಳೆ, ಉಣ್ಣುತ್ತಿದ್ದಾಳೆ. ಇದಕ್ಕಿಂತ ಏನು ಬೇಕು?

ಚಳಿಗಾಲ ನಡುವಿಗೆ ಬಂದಾಗ ನಗು ಕಡಿಮೆಯಾಯಿತು. ಕಥೆಗಳು ಮುಗಿದಿದ್ದವು. ಇನ್ನು ಉಳಿದದ್ದು ಮುಖ ಮಾತ್ರ. ಬಾಹಿಜಾ ಒಂದು ಕಾಗದದ ಕಣ್ಣು, ಇನ್ನೊಂದರ ಗದ್ದ, ಮತ್ತೊಂದರ ಕೆನ್ನೆ ಆರಿಸಿ "ಇದನ್ನ ಇದಕ್ಕೆ ಸೇರಿಸು" ಎನ್ನತೊಡಗಿದಳು. ಕಿವಿಯ ವಿಚಾರಕ್ಕೆ ತಾಯಿ ಮಗಳಿಗೆ ಜಗಳವೇ ಆಯಿತು.

"ಕಿವಿ ಹೊರಗೆ ಚಾಚಿತ್ತಮ್ಮ, ನಾನೇ ಎಷ್ಟು ಸಲ ಎಳೆದಿದ್ದೀನಿ" ಎಂದಳು ರಬಾಬ್.

"ಚಾಚಿರಲಿಲ್ಲ. ನೀನು ಎಳೆದೂ ಎಳೆದೂ ಹಾಗನ್ಸುತ್ತೆ ನಿಂಗೆ."

"ಹೋದ ವಾರ ನೀನೇ ಚಾಚಿತ್ತು ಅಂದೆ!"

"ಅಂದಿಲ್ಲ!" ಬಾಹಿಜಾಳ ದನಿ ಏರಿತು. ಆಮೇಲೆ ಕೈ ಹಣೆಗೆ ಒತ್ತಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದಳು. ಏನನ್ನೋ ಕತ್ತಲಲ್ಲಿ ತಡಕುವವರ ಹಾಗೆ ಅವಳ ರೆಪ್ಪೆ ಅದುರುತ್ತಿತ್ತು. ಸುಬ್ಹಿಗೆ ಅದು ಏನೆಂದು ಗೊತ್ತಿತ್ತು. ರೋಮಿನಲ್ಲಿ ಅವನೂ ಹಾಗೇ ತಡಕಿದ್ದ.

ರಬಾಬ್ ಅವನನ್ನು ಹೊರಗೆ ಬಾಳೆತೋಟದ ದಾರಿಯವರೆಗೆ ಕಳಿಸಲು ಬಂದು, "ಮಾಮ, ನಿಲ್ಲಿಸಿಬಿಡಿ" ಎಂದಳು. "ಅಮ್ಮ ಮೊದಲು ಅವನ ಬಗ್ಗೆ ಮಾತಾಡೋಳು. ಈಗ ನಿಮ್ ಕಾಗದದ ಬಗ್ಗೆ ಮಾತಾಡ್ತಾಳೆ."

"ಇನ್ನೊಂದೇ ಸಲ" ಎಂದ ಸುಬ್ಹಿ.

ಅಕ್ಕನಿಗಾಗಿ ಅಂದದ್ದೇನೋ ಹೌದು. ಆದರೆ ಅದಷ್ಟೇ ಅಲ್ಲ. ಅವನ ಕೈಗೆ ಹಳೆಯ ಚಳಕ ಮರಳಿತ್ತು. ಎಲ್ಲಿ ಒತ್ತಿದರೆ ಕಣ್ಣಿಗೆ ಜೀವ ಬರುತ್ತದೆ ಎಂಬುದು ಬೆರಳಿಗೆ ಮತ್ತೆ ನೆನಪಾಗಿತ್ತು. ಬಿಟ್ಟರೆ ಅರ್ಧಕ್ಕೇ ನಿಲ್ಲುತ್ತದಲ್ಲ ಎಂಬ ಹಟವೂ ಸೇರಿತ್ತು.

ಮುಂದಿನ ಶುಕ್ರವಾರ ಅವನು ಯಾರನ್ನೂ ಏನೂ ಕೇಳದೆ ಬರೆದ. ತುಟಿಯಂಚಿಗೆ ನಗು ಬರುವ ಮುಂಚಿನ ಒಂದು ಚೂರು ಎಳೆತ, ಅಗಲ ಹುಬ್ಬಿನ ಕೆಳಗೆ ಪಕ್ಕಕ್ಕೆ ನೋಡುವ ಕಣ್ಣು. ನೋಡಿದವರು ಈ ಹುಡುಗ ಇನ್ನೇನು ಎದ್ದು ಓಡುತ್ತಾನೆ ಅನ್ನಬೇಕು, ಹಾಗಿತ್ತು. ಬಾಹಿಜಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

"ಇವನೇ" ಎಂದಳು ಕೊನೆಗೆ. "ಇವನೇ ಕಣೋ." ಆಮೇಲೆ ಕಾಗದವನ್ನು ಎದೆಗೊತ್ತಿಕೊಂಡು, ಶಿಬಿರದಿಂದ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ನೆರೆಯ ಹೆಂಗಸರು ಓಡಿ ಬಂದರು. ಉಮ್ ಖಲ್ದೂನ್ ಚಿತ್ರ ನೋಡಿ ಕೆನ್ನೆ ಬಡಿದುಕೊಂಡು, "ಅಯ್ಯೋ ನನ್ನಪ್ಪಾ, ಅದೀಬೇ!" ಎಂದಳು. ಎಲ್ಲರೂ ಹಾಗೇ ಅಂದರು. ರಬಾಬ್ ಮಾತ್ರ ಬಾಗಿಲಲ್ಲಿ ನಿಂತು ಕೂಸಿನ ಬೆನ್ನು ತಟ್ಟುತ್ತಿದ್ದಳು. ತಾಯಿ ಅಳುತ್ತಿರುವಾಗ ಅವಳು ಏನು ತಾನೇ ಹೇಳಿಯಾಳು?

ಅಚ್ಚುಕೂಟದವರು ಖುಷಿಯಿಂದ ಪೋಸ್ಟರು ಮಾಡಿದರು. ದಾಮೂರಿನಲ್ಲಿ ಮಾತ್ರವಲ್ಲ, ಬೈರೂತಿನ ಗೋಡೆಗಳ ಮೇಲೂ ಅದೀಬ್ ಬಂದ. ಫೋಟೋಗಳಲ್ಲಿ ಬಿಗಿಯಾಗಿ ನಿಂತ ಉಳಿದ ಹುಡುಗರ ನಡುವೆ ಅವನೊಬ್ಬನೇ ಜೀವವಿದ್ದವನ ಹಾಗೆ ಕಾಣುತ್ತಿದ್ದ. ಸುಬ್ಹಿಯ ಚೌಕಗಳನ್ನು ನೋಡಿ ನಗುತ್ತಿದ್ದವರು ಈಗ ಕಾಫಿ ಅಂಗಡಿಯಲ್ಲಿ ಅವನಿಗೆ ಕುರ್ಚಿ ಬಿಟ್ಟುಕೊಟ್ಟರು. "ಇದಪ್ಪ ಚಿತ್ರ ಅಂದ್ರೆ!" ಎಂದರು. ಬೇರೆ ತಾಯಂದಿರೂ ಬಂದು ಕೇಳಿದರು. ಅವನು ಒಪ್ಪಲಿಲ್ಲ. ಆದರೆ ಅವರ ಮಾತು ಕಿವಿಗೆ ಹಿತವಾಗಿಯೇ ಇತ್ತು.

ಬೇಸಿಗೆಯಲ್ಲಿ ಹುಸ್ನಿ ಬಂದ. ಅದೀಬನ ಜೊತೆ ಕಾರ್ಖಾನೆಯಲ್ಲಿದ್ದವನು, ಮುತ್ತಿಗೆಯಲ್ಲಿ ಕಾಲು ಕಳೆದುಕೊಂಡು ಎಲ್ಲೋ ದೂರದೇಶದ ಆಸ್ಪತ್ರೆಯಲ್ಲಿ ಇಷ್ಟು ದಿನ ಇದ್ದು ಮರಳಿದ್ದ. ಊರುಗೋಲಿನ ಮೇಲೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಬಾಹಿಜಾಳ ಕೈಗೆ ಮುತ್ತಿಟ್ಟು ಕೂತ. ಅಂದು ಶುಕ್ರವಾರ. ಸುಬ್ಹಿಯೂ ಅಲ್ಲಿದ್ದ.

"ಅಮ್ಮ, ನಿಮಗೊಂದು ತಂದಿದ್ದೀನಿ" ಎಂದ ಹುಸ್ನಿ. "ನಮ್ ಫುಟ್‌ಬಾಲ್ ತಂಡದ ಫೋಟೋ. ಯುದ್ಧಕ್ಕೆ ಮುಂಚೆ ಕುವೈತಿನಲ್ಲಿರೋ ನಮ್ಮಣ್ಣನಿಗೆ ಕಳಿಸಿದ್ದೆ. ಅವನ ಹತ್ರ ಇತ್ತು, ತರಿಸಿದೆ."

ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಕಿಟಕಿಯ ಬೆಳಕಿಗೆ ತಿರುಗಿ ನೋಡಿದಳು. ಪಟ್ಟೆ ಅಂಗಿಯ ಹುಡುಗರು ಎರಡು ಸಾಲು. ಅವಳ ಬೆರಳು ಮೊದಲ ಸಾಲಿನ ಮೇಲೆ ಹರಿಯಿತು, ಎರಡನೆಯ ಸಾಲಿನ ಮೇಲೆ ಹರಿಯಿತು, ಮತ್ತೆ ಮೊದಲಿಗೆ ಬಂತು.

"ಅದೀಬ್ ಇದ್ದಾನಾ ಇದ್ರಲ್ಲಿ?" ಎಂದಳು.

ಹುಸ್ನಿ ನಕ್ಕ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ.

ಅವಳು ಬೆರಳು ಒಂದು ಕಡೆ ನಿಲ್ಲಿಸಿದಳು. "ಇವನು. ಇವನೇ ಅಲ್ವಾ?" ಅಗಲ ಹುಬ್ಬಿನ, ಪಕ್ಕಕ್ಕೆ ನೋಡುತ್ತಿದ್ದ ಒಬ್ಬ ಹುಡುಗ.

"ಅದು ಜಮೀಲ್, ಅಮ್ಮ" ಎಂದ ಹುಸ್ನಿ. ಅವನ ನಗು ಆರಿಹೋಗಿತ್ತು.

ರಬಾಬ್ ಬಂದು ತಾಯಿಯ ಬೆರಳು ಹಿಡಿದು ಮೆಲ್ಲಗೆ ಸರಿಸಿ, ಚೆಂಡಿನ ಮೇಲೆ ಕಾಲಿಟ್ಟು ನಿಂತಿದ್ದ ಹುಡುಗನ ಮೇಲಿಟ್ಟಳು. ಉದ್ದ ಮುಖ, ಚಾಚಿದ ಕಿವಿ, ಬಿಸಿಲಿಗೆ ಸೊಟ್ಟಗಾದ ಬಾಯಿ.

"ಅಮ್ಮ, ಇವನು."

"ಇವನ್ಯಾರು?" ಎಂದಳು ಬಾಹಿಜಾ.

ಅವಳು ಫೋಟೋವನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು, ತಲೆಬಟ್ಟೆಯ ಅಂಚಿನಿಂದ ಒರೆಸಿದಳು. ಗೋಡೆಗೆ ಒರಗಿಸಿಟ್ಟಿದ್ದ ಚಿತ್ರವನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು. ಹೆತ್ತ ಮಗುವಿನ ಗುರುತು ಹತ್ತದ ತಾಯಿಯ ಮುಖವನ್ನು ಸುಬ್ಹಿ ಆವತ್ತು ನೋಡಿದ. ಜಗತ್ತಿನ ಯಾವ ಚಿತ್ರಗಾರನಿಗೂ ಅದನ್ನು ನೋಡುವ ಗತಿ ಬರಬಾರದು.

"ಹೌದು" ಎಂದಳು, ಯಾರೋ ಹೇಳಿಕೊಟ್ಟದ್ದನ್ನು ಒಪ್ಪುವ ಹಾಗೆ. "ನೀವೆಲ್ಲ ಹೇಳ್ತಿದ್ದೀರಿ ಅಂದ್ರೆ ಇವನೇ ಇರ್ಬೇಕು." ತಮ್ಮನ ಕಡೆ ತಿರುಗಿದಳು. ಕೋಪ ಇರಲಿಲ್ಲ ದನಿಯಲ್ಲಿ. "ನನ್ ಹತ್ರ ಇದ್ನಲ್ಲೋ ಅವನು. ಇದ್ದ. ಎಲ್ಲಿಗೆ ಕಳಿಸಿದೆ?"

ಅವಳು ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು. ಮೊದಲ ಗೋಡೆಯ ಪೋಸ್ಟರಿಗೆ ಉಗುರು ಹಾಕಿದಳು. ಗೋಂದು ಬಿಗಿಯಾಗಿತ್ತು. ಹಣೆಯ ಒಂದು ಪಟ್ಟಿ ಹರಿದು ಬಂತು, ಕಣ್ಣು ಅಲ್ಲೇ ಉಳಿಯಿತು. ಸುಬ್ಹಿ ಓಡಿ ಬಂದು ಜೊತೆಗೆ ಕೈ ಹಾಕಿದ. ಅಕ್ಕ ತಮ್ಮ ಇಬ್ಬರೂ ಗೋಡೆಯಿಂದ ಗೋಡೆಗೆ ಹೋಗಿ ಕೆರೆದರು. ಜನ ಮೊದಲು ತಡೆಯಲು ಬಂದರು. "ಹುತಾತ್ಮನ ಪಟ ಹರೀತೀಯಲ್ಲೇ, ಹುಚ್ಚು ಹಿಡೀತಾ?" ಎಂದು ಯಾರೋ ಕೂಗಿದರು. ಉಮ್ ಖಲ್ದೂನ್ ಅಡ್ಡ ನಿಂತು ಅವರನ್ನು ಬೈದು ಕಳಿಸಿದಳು. ಆಮೇಲೆ ತಾನೂ ಒಂದು ಮುರಿದ ಚಾಕು ತಂದು ಕೆರೆಯತೊಡಗಿದಳು, ಯಾಕೆಂದು ಕೇಳದೆ. ಸಂಜೆಯ ಹೊತ್ತಿಗೆ ಬಾಹಿಜಾಳ ಬೆರಳ ತುದಿಗಳಲ್ಲಿ ರಕ್ತ ಒಸರುತ್ತಿತ್ತು. ದಾಮೂರಿನದೇನೋ ಹರಿದರು. ಬೈರೂತಿನ ಗೋಡೆಗಳನ್ನು ಏನು ಮಾಡುವುದು? ಅಲ್ಲಿ ಆ ಹುಡುಗ, ಯಾರ ಮಗನೂ ಅಲ್ಲದ ಹುಡುಗ, ಮಳೆಗಾಲದವರೆಗೂ ನಗಲು ಹೊರಟವನ ಹಾಗೆ ನಿಂತೇ ಇದ್ದ.

ಮೂಲ ಚಿತ್ರವನ್ನು ಸುಬ್ಹಿ ಅಂದೇ ಸುಟ್ಟ. ಸುಟ್ಟರೆ ಏನಾಯಿತು? ಬಾಹಿಜಾ ಹುಸ್ನಿ ತಂದ ಫೋಟೋವನ್ನು ದಿನವೂ ಮುಂದಿಟ್ಟುಕೊಂಡು ಕೂತಳು. ಮಗ್ಗಿ ಕಲಿಯುವ ಮಗುವಿನ ಹಾಗೆ ಆ ಮುಖವನ್ನು ಕಲಿಯಲು ನೋಡಿದಳು. "ಕಲಿತೆ ಕಣೋ" ಎಂದಳು ಒಂದು ದಿನ. "ಈಗ ಸಾವಿರ ಜನರಲ್ಲಿ ತೋರಿಸು ಅಂದ್ರೂ ತೋರಿಸ್ತೀನಿ. ಆದ್ರೆ ಅವನು ಫೋಟೋದಿಂದ ಹೊರಗೆ ಬರಲ್ಲ. ಬಾಗಿಲು ತೆಗೆದು ಅಮ್ಮಾ ಅನ್ನೋನು ಇವನಲ್ಲ. ಅವನಿಗೆ ಈಗ ಮುಖಾನೇ ಇಲ್ಲ."

ಆಗ ಸುಬ್ಹಿ ರೋಮಿನ ಕಥೆ ಹೇಳಿದ. ತಾಯಿಯ ಮುಖ ಕಳೆದದ್ದು, ತನಗೆ ಇದೆಲ್ಲ ಗೊತ್ತಿದ್ದದ್ದು, ಗೊತ್ತಿದ್ದೂ ಕೂತು ಬರೆದದ್ದು. ಬಾಹಿಜಾ ಕೇಳಿಸಿಕೊಂಡಳು. ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಒಳಗಿಂದಲೇ, "ಆವತ್ತು ಹೇಳಿದ್ದಿದ್ರೆ ನಾನು ಕೇಳ್ತಿದ್ದೆ" ಎಂದಳು. ಮತ್ತೆ ಆ ಮಾತು ಅವರ ನಡುವೆ ಬರಲಿಲ್ಲ.

ಸುಬ್ಹಿ ತನ್ನ ಕೋಣೆಗೆ, ತನ್ನ ಚೌಕಗಳಿಗೆ ಮರಳಿದ. ಚಳಿಗಾಲಕ್ಕೆ ಮೂರನೆಯ ಪ್ರದರ್ಶನ ಗೊತ್ತಾಗಿತ್ತು. ದೊಡ್ಡ ಕ್ಯಾನ್ವಾಸಿನ ಮೇಲೆ ಮಣ್ಣು ಹಳದಿಯನ್ನು ಬಳಿದ. ಅದು ಕೆನ್ನೆಯಾಯಿತು. ಪಕ್ಕದಲ್ಲಿ ಕಡುನೀಲಿ ಇಟ್ಟ. ಹುಬ್ಬಿನ ಕೆಳಗಿನ ನೆರಳಾಯಿತು. ಒರೆಸಿ ಬೇರೆ ಬಣ್ಣ ಹಾಕಿದ. ಎಲ್ಲಿ ಎರಡು ಚುಕ್ಕೆ ಬಿದ್ದರೂ ಕಣ್ಣಾಗಿ ಪಕ್ಕಕ್ಕೆ ನೋಡುತ್ತಿದ್ದವು. ಗೆರೆ ಎಳೆದರೆ ತುಟಿ. ಹದಿನೈದು ವರ್ಷ ಮುಖವಿಲ್ಲದೆ ಬದುಕಿದ್ದ ಬಣ್ಣಗಳೆಲ್ಲ ಈಗ ಮುಖಕ್ಕೆ ಹಾತೊರೆದ ಹಾಗೆ ಆಡುತ್ತಿದ್ದವು. ಅದೂ ತಾನು ಹುಟ್ಟಿಸಿದ ಆ ಸುಳ್ಳು ಹುಡುಗನ ಮುಖ. ಹಳೆಯ ಚಿತ್ರಗಳನ್ನು ತಿರುಗಿಸಿ ನೋಡಿದ. ಅವುಗಳಲ್ಲೂ ಅವನು ಬಂದು ಕೂತಿದ್ದ. ಪ್ರದರ್ಶನ ಬೇಡವೆಂದು ಹೇಳಿ ಕಳಿಸಿದ. ಗೆಳೆಯರು, "ಸ್ವಲ್ಪ ದಿನ ಕಾಯಿ, ಸರಿಹೋಗುತ್ತೆ" ಎಂದರು. ವರ್ಷಗಳೇ ಕಾದ. ಅಚ್ಚುಕೂಟದಲ್ಲಿ ಅಕ್ಷರ ಬರೆದ, ಸಾಯಂಕಾಲ ಕೋಣೆಗೆ ಬಂದು ಗೋಡೆಗೆ ಮುಖ ಮಾಡಿಟ್ಟ ಚಿತ್ರಗಳ ಬೆನ್ನು ನೋಡುತ್ತ ಕೂತ.

ಎಂಬತ್ತೆರಡರ ಬೇಸಿಗೆಯಲ್ಲಿ ಇಸ್ರೇಲಿ ಸೇನೆ ದಾಮೂರಿನ ಮೇಲೆ ಬಂತು. ಬಾಹಿಜಾ, ರಬಾಬ್ ಮತ್ತು ರಬಾಬಳ ಮಕ್ಕಳು ಮತ್ತೆ ಬರಿಗೈಯಲ್ಲಿ ಬೈರೂತಿಗೆ ಓಡಿಬಂದರು. ಹುಸ್ನಿ ಕೊಟ್ಟ ಫೋಟೋ ತರಲಾಗಲಿಲ್ಲ. ರಬಾಬ್ ಅದಕ್ಕಾಗಿ ಅಳುವಾಗ ಬಾಹಿಜಾ, "ಬಿಡೇ, ಅದೂ ಹೋಗಲಿ" ಎಂದಳಷ್ಟೇ. ಎಲ್ಲರೂ ಸುಬ್ಹಿಯ ಒಂದು ಕೋಣೆಯಲ್ಲಿ ಸೇರಿದರು. ನೀರಿಲ್ಲ, ಕರೆಂಟಿಲ್ಲ, ಆಕಾಶದಿಂದ ಬಾಂಬು. ಕಿಟಕಿಯ ಗಾಜು ಒಡೆದಾಗ ರಬಾಬ್ ದೊಡ್ಡ ಕ್ಯಾನ್ವಾಸುಗಳನ್ನು ಎತ್ತಿ ತಂದು, "ಮಾಮ, ಮುಚ್ಚಲಾ?" ಎಂದು ಕೇಳಿದಳು. "ಮುಚ್ಚು" ಎಂದ. ಅವನೇ ಮೊಳೆ ಹೊಡೆದ. ಜುಲೈಯಲ್ಲಿ ಎದುರಿನ ಕಟ್ಟಡ ಬಿದ್ದಾಗ ಅವುಗಳಿಗೆ ಬೆಂಕಿ ಹತ್ತಿ ಉರಿದುಹೋದವು. ಅವನಿಗೆ ಏನೂ ಅನ್ನಿಸಲಿಲ್ಲ. ಮಕ್ಕಳಿಗೆ ಕಿಡಿ ತಾಗಲಿಲ್ಲವಲ್ಲ ಎಂದು ಮಾತ್ರ ನೋಡಿದ.

ಆಗಸ್ಟಿನ ಕೊನೆಗೆ ಒಪ್ಪಂದವಾಗಿ ವಿಮೋಚನಾ ಸಂಘಟನೆಯವರನ್ನೆಲ್ಲ ಹಡಗು ಹತ್ತಿಸಿದರು. ಅಚ್ಚುಕೂಟದ ಪಟ್ಟಿಯಲ್ಲಿ ಸುಬ್ಹಿಯ ಹೆಸರೂ ಇತ್ತು. ಹಡಗು ಟ್ಯುನೀಶಿಯಾಗೆ. ಹೆಂಗಸರು, ಮಕ್ಕಳು ಉಳಿಯಬೇಕು. ಅವರನ್ನು ಯಾರೂ ಏನೂ ಮಾಡುವುದಿಲ್ಲ ಎಂದು ದೊಡ್ಡ ದೇಶಗಳವರು ಮಾತು ಕೊಟ್ಟಿದ್ದರಂತೆ. ಅವನು ಹೋಗುವುದಿಲ್ಲ ಎಂದ. ಬಾಹಿಜಾ ಬಿಡಲಿಲ್ಲ.

"ಹೋಗೋ. ಇಲ್ಲಿದ್ರೆ ಹಿಡ್ಕೊಂಡು ಹೋಗ್ತಾರೆ. ನೀನೂ ಒಂದು ಪೋಸ್ಟರ್ ಆಗ್ತೀಯ" ಎಂದಳು.

"ಅಲ್ಲಿ ಹೋಗಿ ಏನು ಮಾಡ್ಲಿ ಅಕ್ಕ?"

"ನಿನ್ ಟೈಲ್ಸ್ ಬರಿ."

"ಬರಲ್ಲ. ಹೋಯ್ತು ಅದು."

ಅವಳು ಒಪ್ಪಿಕೊಂಡವಳ ಹಾಗೆ ತಲೆ ಆಡಿಸಿದಳು. ಸಮಾಧಾನ ಹೇಳಲಿಲ್ಲ. ಒಂದು ಬಟ್ಟೆಯಲ್ಲಿ ರೊಟ್ಟಿ, ಆಲಿವ್ ಕಾಯಿ ಕಟ್ಟಿ ಕೊಟ್ಟಳು. ಕೆಳಗೆ ಬೀದಿಯಲ್ಲಿ ಲಾರಿಗಳು ಹಾರ್ನು ಹೊಡೆಯುತ್ತಿದ್ದವು, ಹೆಂಗಸರು ಅಕ್ಕಿ ಎರಚಿ ಕೂಗುತ್ತಿದ್ದರು, ಹೊರಟ ಗಂಡಸರು ಗಾಳಿಯಲ್ಲಿ ಗುಂಡು ಹಾರಿಸುತ್ತಿದ್ದರು. ರಬಾಬ್ ಅವನ ಕೊರಳಿಗೆ ಬಿದ್ದು ಅತ್ತಳು. ಮಕ್ಕಳು ಅವನ ಜೇಬು ಹುಡುಕಿ ಮಿಠಾಯಿ ಇಲ್ಲದ್ದು ನೋಡಿ ಬಿಟ್ಟವು.

ಬಾಹಿಜಾ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು.

"ಅಕ್ಕ, ಹೊರಟೆ."

"ಹೂಂ."

"ಈ ಕಡೆ ತಿರುಗು."

"ಬೇಡ ಕಣೋ" ಎಂದಳು. "ನೋಡಿದ್ರೆ ನೆನಪಿಟ್ಕೋಬೇಕು ಅನ್ಸುತ್ತೆ. ನೆನಪಿಟ್ಕೊಳ್ಳೋಕೆ ಹೋದ್ರೆ ಏನಾಗುತ್ತೆ ಗೊತ್ತಲ್ಲ. ಹಾಗೇ ಹೋಗು."

ಒಲೆಯಲ್ಲಿ ಏನೂ ಇರಲಿಲ್ಲ, ಉರಿಯೂ ಇರಲಿಲ್ಲ. ಅವಳು ಸುಮ್ಮನೆ ಬೂದಿಯನ್ನು ಕೆದಕುತ್ತಿದ್ದಳು. ಕೆಳಗಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಮೆಟ್ಟಿಲಿಳಿದು ಲಾರಿ ಹತ್ತಿದ.